ಕಾಲಮ್ ತಿದ್ದಿದರೆ ಪೈಥಾನ್ ಪಳಗುವುದಿಲ್ಲ

ಡೇಟಾ ಕೆಲಸ ಮಾಡುವ ನಮ್ಮಂಥವರ ನಡುವೆ ಒಂದು ಶಾರ್ಟ್‌ಕಟ್ ಓಡಾಡ್ತಾ ಇದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಒಳಗೇ ಪೈಥಾನ್ ಫಂಕ್ಷನ್ ಬರೀಬೇಕು, ಆದರೆ ನೀವು ಸೂಪರ್‌ಯೂಸರ್ ಅಲ್ಲ. ಏನ್ಮಾಡೋದು? ಅಡ್ಮಿನ್ ಹತ್ತಿರ ಹೇಳಿ ‘ಪಿಜಿ_ಲ್ಯಾಂಗ್ವೇಜ್’ ಟೇಬಲಿನಲ್ಲಿ ಒಂದು ಫಾಲ್ಸ್ ಅನ್ನು ಟ್ರೂ ಮಾಡಿಸಿಬಿಡಿ, ಅಷ್ಟೇ! ಇದು ಜಾಣತನ ಅಲ್ಲ, ಸುಳ್ಳು ದಾಖಲೆ.

ಆ ಟೇಬಲ್ ಪೋಸ್ಟ್‌ಗ್ರೆಸ್‌ನ ಭಾಷೆಗಳ ಪಟ್ಟಿ. ಫಂಕ್ಷನ್ ಬರೆಯಬಹುದಾದ ಪ್ರತಿ ಭಾಷೆಗೂ ಅಲ್ಲಿ ಒಂದು ಸಾಲು. ಹೊಸ ಡೇಟಾಬೇಸಿನಲ್ಲಿ ನಾಲ್ಕೇ: ಇಂಟರ್ನಲ್, ಸಿ, ಎಸ್‌ಕ್ಯೂಎಲ್, ಮತ್ತು 2010ರ 9.0 ಆವೃತ್ತಿಯಿಂದ ತಾನಾಗೇ ಬರುವ ಪಿಎಲ್‌ಪಿಜಿಎಸ್‌ಕ್ಯೂಎಲ್. ಭಾಷೆಯ ಹೆಸರು, ಮಾಲೀಕ, ಕೋಡ್ ಓಡಿಸುವ ಹ್ಯಾಂಡ್ಲರ್ ಎಲ್ಲ ಆ ಸಾಲಿನಲ್ಲಿರುತ್ತದೆ. ಜೊತೆಗೆ ‘ಲ್ಯಾನ್‌ಪಿಎಲ್‌ಟ್ರಸ್ಟೆಡ್’ ಎಂಬ ಕಾಲಮ್: ಈ ಭಾಷೆ ಡೇಟಾಬೇಸಿನ ಬೇಲಿಯೊಳಗೇ ಇರುತ್ತದೆಯೇ?

ಪರ್ಲ್‌ಗೆ ಬೇಲಿ ಇರುವ ರೂಪ, ಇಲ್ಲದ ರೂಪ ಎರಡೂ ಇವೆ. ಪೈಥಾನ್‌ಗೆ ಇರೋದು ಬೇಲಿ ಇಲ್ಲದ್ದು ಮಾತ್ರ. ‘ಪಿಎಲ್‌ಪೈಥಾನ್3ಯು’ ಹೆಸರಿನ ಕೊನೆಯ ‘ಯು’ ಅಂದರೆ ‘ಅನ್‌ಟ್ರಸ್ಟೆಡ್’. ಇದು ಪೈಥಾನ್‌ಗೆ ಬೈಗುಳ ಅಲ್ಲ. ಆ ಫಂಕ್ಷನ್ ಸರ್ವರ್ ಓಡಿಸುವ ಅಕೌಂಟಿನ ಹೆಸರಲ್ಲೇ ಫೈಲ್ ತೆರೆಯಬಲ್ಲದು, ಕಮಾಂಡ್ ಓಡಿಸಬಲ್ಲದು. ನೀವು ಕೊಟ್ಟ ಗ್ರಾಂಟ್, ರಿವೋಕ್ ಯಾವುದನ್ನೂ ಅದು ಕೇಳಬೇಕಾಗಿಲ್ಲ. ಅದಕ್ಕೇ ಬರೆಯುವ ಹಕ್ಕು ಸೂಪರ್‌ಯೂಸರ್‌ಗೆ ಮಾತ್ರ.

ಕಾಲಮ್ ತಿದ್ದಿದರೆ ಬೇಲಿ ಬರುತ್ತದೆಯೇ? ಕೆರೆ ಅಂತಿದ್ದದ್ದನ್ನು ದಾಖಲೆಯಲ್ಲಿ ಸೈಟು ಅಂತ ತಿದ್ದಿದರೆ, ಮಳೆ ನೀರು ದಾಖಲೆ ಓದಿಕೊಂಡು ಬರುವುದಿಲ್ಲ. ಬದಲಾಗುವುದು ಒಂದೇ: ಸ್ಕೀಮಾದಲ್ಲಿ ಫಂಕ್ಷನ್ ರಚಿಸುವ ಅನುಮತಿ ಇದ್ದವರೆಲ್ಲರಿಗೂ ಬಾಗಿಲು ತೆರೆಯುತ್ತದೆ. ಯಾಕೆಂದರೆ ಟ್ರಸ್ಟೆಡ್ ಭಾಷೆಯನ್ನು ಬಳಸುವ ಹಕ್ಕು ಡಿಫಾಲ್ಟ್ ಆಗಿ ಎಲ್ಲರಿಗೂ ಇದೆ.

“ನಾವೆಲ್ಲ ಒಂದೇ ಟೀಮು, ಯಾರು ಏನ್ಮಾಡ್ತಾರೆ?” ಅಂತೀರಾ. ಟೀಮನ್ನು ನಂಬಿ, ಬೇಡ ಅನ್ನಲ್ಲ. ಆದರೆ ಪಾಸ್‌ವರ್ಡ್ ಕದ್ದವನು ಟೀಮಿನವನಲ್ಲ.

ದಾರಿ ಇಲ್ಲದೇ ಇಲ್ಲ. ಬಹಳಷ್ಟು ಕೆಲಸಕ್ಕೆ ಎಸ್‌ಕ್ಯೂಎಲ್, ಪಿಎಲ್‌ಪಿಜಿಎಸ್‌ಕ್ಯೂಎಲ್ ಸಾಕು. ಮಾಡೆಲ್ ಓಡಿಸಬೇಕಾ? ಹೊರಗಿನಿಂದ ಕನೆಕ್ಟ್ ಮಾಡಿ. ಒಳಗೇ ಬೇಕೆಂದರೆ ಸೂಪರ್‌ಯೂಸರ್ ಕೋಡ್ ಓದಿ, ಆ ಒಂದು ಫಂಕ್ಷನ್ ಮಾತ್ರ ರಚಿಸಲಿ. ಅದನ್ನು ಓಡಿಸುವ ಹಕ್ಕೂ ಡಿಫಾಲ್ಟ್ ಆಗಿ ಎಲ್ಲರಿಗೂ ಇರುತ್ತೆ; ಅದನ್ನು ಹಿಂತೆಗೆದು, ಬೇಕಾದವರಿಗೆ ಮಾತ್ರ ಕೊಡಲಿ. ಎರಡು ದಿನ ತಡ ಆಗಬಹುದು, ಆಗಲಿ ಬಿಡಿ. ಆ ಫಾಲ್ಸ್ ನಿಮ್ಮ ಕೆಲಸಕ್ಕೆ ಅಡ್ಡಿ ಅಲ್ಲ, ಇಡೀ ಟೇಬಲಿನಲ್ಲಿ ನಿಮಗೆ ಸಿಗುವ ಅತಿ ಮುಖ್ಯ ಎಚ್ಚರಿಕೆ.