ಹನ್ನೊಂದು ತಿಂಗಳ ಕರಾರೂ ಮಗುವಿನ ಯೋಚನೆಯೂ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ರಾಜಾಜಿನಗರವಾಗಲಿ ಬಸವೇಶ್ವರನಗರವಾಗಲಿ ಕೆಂಗೇರಿಯಾಗಲಿ, ಬಾಡಿಗೆಗೆ ಮನೆ ಹಿಡಿಯುವವರು ಸಾಮಾನ್ಯವಾಗಿ ಹನ್ನೊಂದು ತಿಂಗಳ ಕರಾರುಪತ್ರಕ್ಕೆ ರುಜು ಹಾಕುವರು. ಹನ್ನೊಂದೇ ಏತಕ್ಕೆ? ೧೯೦೮ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷವನ್ನು ಮೀರುವ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚೂ ಓಡಾಟವೂ ಬೇಡವೆಂದು ಒಂದು ತಿಂಗಳು ಕಡಿಮೆ ಬರೆಯುವ ವಾಡಿಕೆ ಬಿದ್ದಿದೆ. ಗರ್ಭ ನಿಂತಂದಿನಿಂದ ಹೆರಿಗೆಯವರೆಗೆ ಸುಮಾರು ೩೮ ವಾರ. ರುಜು ಹಾಕಿದ ವಾರವೇ ಗರ್ಭ ನಿಂತಿತೆಂದು ಇಟ್ಟುಕೊಂಡರೂ, ನಾಮಕರಣ ಮುಗಿದು ಕೂಸಿಗೆ ಎರಡು ತಿಂಗಳು ತುಂಬುವಷ್ಟರಲ್ಲಿ ಕರಾರಿನ ಅವಧಿ ತೀರಿರುತ್ತದೆ. ಮಾಲೀಕರಲ್ಲಿ ಅನೇಕರು ಅದನ್ನು ಮುಂದುವರಿಸುವರು, ನಿಜ. ಆದರೆ ಮುಂದುವರಿಸುವರೆಂಬ ಭರವಸೆ ಕಾಗದದ ಮೇಲಿಲ್ಲ.

೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಣ್ಣೊಬ್ಬಳಿಗೆ ಸರಾಸರಿ ಮಕ್ಕಳ ಸಂಖ್ಯೆ ೧.೭ ಎಂದು ಕಂಡುಬಂದಿತು. ಜನಸಂಖ್ಯೆ ಏರದೆ ಇಳಿಯದೆ ನಿಲ್ಲಲು ಬೇಕಾದುದು ೨.೧. ಈ ಇಳಿಕೆಯೇ ಶೋಕಿಸತಕ್ಕ ವಿಷಯವೆಂದು ನಾನು ಭಾವಿಸುವುದಿಲ್ಲ. ಹೆಣ್ಣುಮಕ್ಕಳ ವಿದ್ಯೆ, ತಡವಾದ ಮದುವೆ, ಶಿಶುಮರಣದ ಇಳಿಕೆ ಇವೆಲ್ಲ ಅದರ ಹಿಂದಿವೆ. ೧೯೩೦ರಷ್ಟು ಹಿಂದೆಯೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿದ ಮೈಸೂರು ಸರಕಾರದ ನಾಡು ಇದು. ಮಗು ಬೇಡವೆನ್ನುವವರ ಮಾತು ಅವರಿಗೇ ಬಿಟ್ಟದ್ದು. ಬೇಕೆಂದಿದ್ದೂ ‘ಮನೆಯೊಂದು ಆಗಲಿ, ಆಮೇಲೆ ನೋಡೋಣ’ ಎಂದು ವರ್ಷದಿಂದ ವರ್ಷಕ್ಕೆ ಮುಂದೂಡುವವರ ವಿಷಯವೇ ಇಲ್ಲಿ ವಿಚಾರಾರ್ಹ.

ಮನೆಗಳು ಚಿಕ್ಕವಾದುವು, ಆದುದರಿಂದ ಮಕ್ಕಳು ಕಡಿಮೆಯಾದರು ಎಂಬ ವಾದವನ್ನು ಕೇಳುತ್ತೇವೆ. ಹಾಗಿದ್ದರೆ ಬೆಂಗಳೂರಿನ ಹಳೆಯ ವಠಾರಗಳು ಬರಿದಾಗಿರಬೇಕಿತ್ತು. ಒಂದು ನಡುಮನೆ, ಒಂದು ಅಡುಗೆಮನೆ, ಹತ್ತು ಸಂಸಾರಗಳಿಗೆ ಒಂದು ನಲ್ಲಿ. ಅಲ್ಲಿಯೇ ನಾಲ್ಕೈದು ಮಕ್ಕಳು ಬೆಳೆದರು. ವಠಾರವನ್ನು ಹೊಗಳಿ ಬರೆಯುವವರಲ್ಲಿ ನಾನೊಬ್ಬನಲ್ಲ. ಎಷ್ಟು ಮಕ್ಕಳು ಬೇಕೆಂದು ಅಲ್ಲಿಯ ತಾಯಂದಿರನ್ನು ಕೇಳಿದವರು ಕಡಿಮೆ. ಆದರೂ ಚದರಡಿಯೊಂದೇ ನಿರ್ಣಾಯಕವಲ್ಲವೆಂಬುದು ಅದರಿಂದ ತಿಳಿಯುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಗೆ ನಾವು ಮೊದಲು ಕಲಿಸುವುದು ಯಾವ ಪರಿಮಾಣವನ್ನು ಯಾವ ಮಾನದಲ್ಲಿ ಅಳೆಯಬೇಕೆಂಬುದನ್ನು. ಮನೆಯನ್ನು ಅಡಿಗಳಲ್ಲಿಯೂ ಬಾಡಿಗೆಯನ್ನು ರೂಪಾಯಿಗಳಲ್ಲಿಯೂ ಅಳೆಯುತ್ತೇವೆ. ಮಗು ಮನೆಯಿಂದ ಬಯಸುವುದನ್ನು ಅಳೆಯಬೇಕಾದ ಮಾನ ವರ್ಷ. ಒಂದೇ ಶಾಲೆ, ಒಂದೇ ಬೀದಿ, ಅದೇ ನೆರೆಹೊರೆ, ಹತ್ತು ಹದಿನೈದು ವರ್ಷ.

ಅಮೆರಿಕದ ಅರ್ಥಶಾಸ್ತ್ರಜ್ಞೆಯರಾದ ಲೀಸಾ ಡೆಟ್ಲಿಂಗ್ ಮತ್ತು ಮೆಲಿಸ್ಸಾ ಕೀರ್ನಿ ೨೦೧೪ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಬಹಳ ಉಪಯುಕ್ತ. ಮನೆಗಳ ಬೆಲೆ ಹತ್ತು ಸಾವಿರ ಡಾಲರಿನಷ್ಟು ಏರಿದಾಗ ಸ್ವಂತ ಮನೆಯುಳ್ಳವರಲ್ಲಿ ಜನನ ಪ್ರಮಾಣವು ಶೇಕಡಾ ೫ರಷ್ಟು ಹೆಚ್ಚಿತು. ಸ್ವಂತ ಮನೆಯಿಲ್ಲದವರಲ್ಲಿ ಶೇಕಡಾ ೨.೪ರಷ್ಟು ತಗ್ಗಿತು. ಕಾರಣ ಒಂದೇ, ಫಲ ಎರಡು ದಿಕ್ಕಿಗೆ. ರಾಜಾಜಿನಗರದ ಒಂದೇ ಕಟ್ಟಡದಲ್ಲಿ ಈ ಎರಡು ದಿಕ್ಕುಗಳನ್ನೂ ಊಹಿಸಿಕೊಳ್ಳಬಹುದು. ಮೂವತ್ತು ನಲವತ್ತರ ನಿವೇಶನದಲ್ಲಿದ್ದ ಹಂಚಿನ ಮನೆಯನ್ನೋ ತಾರಸಿ ಮನೆಯನ್ನೋ ಕೆಡವಿ ಮೂರು ಮಹಡಿ ಎಬ್ಬಿಸಿದ್ದಾರೆ. ಕೆಳಗೆ ಮಾಲೀಕರ ಮಗ ಸೊಸೆ. ಬೆಲೆ ಏರಿದಷ್ಟೂ ಅವರಿಗೆ ಧೈರ್ಯ. ಮೇಲಿನ ಮಹಡಿಯ ಬಾಡಿಗೆಯ ದಂಪತಿಗಳಿಗೆ ಅದೇ ಏರಿಕೆಯಿಂದ ಸ್ವಂತ ಮನೆ ಇನ್ನಷ್ಟು ದೂರ. ಲೆಕ್ಕ ಮಾಡಿ ನೋಡಿ: ಐವತ್ತು ಲಕ್ಷ ರೂಪಾಯಿ ಸಾಲ, ಶೇಕಡಾ ೮.೫ ಬಡ್ಡಿ, ೨೦ ವರ್ಷದ ಅವಧಿ ಎಂದರೆ ತಿಂಗಳಿಗೆ ಸುಮಾರು ೪೩,೪೦೦ ರೂಪಾಯಿ ಕಂತು. ಒಟ್ಟು ಕಟ್ಟುವುದು ಒಂದು ಕೋಟಿಗೂ ಮೇಲೆ. ಸಾಲಕ್ಕೆ ಮುಂಚೆ ಕೈಹಣ ಕೂಡಿಸುವ ವರ್ಷಗಳು ಬೇರೆ. ಹಣ ಕೂಡಿಸುವ ಆ ವರ್ಷಗಳೇ ಹೆರುವ ವಯಸ್ಸೂ ಹೌದು. ಮೂವತ್ತೈದರ ಬಳಿಕ ಗರ್ಭಧಾರಣೆಯ ಸಾಧ್ಯತೆ ಬೇಗ ಬೇಗ ಇಳಿಯುತ್ತದೆ. ಬ್ಯಾಂಕು ಅವಧಿಯನ್ನು ವಿಸ್ತರಿಸಬಹುದು, ದೇಹ ವಿಸ್ತರಿಸದು.

ಬಾಡಿಗೆಗೂ ಸ್ವಂತಕ್ಕೂ ನಡುವೆ ನಮ್ಮಲ್ಲಿ ಭೋಗ್ಯವೆಂಬ ಪದ್ಧತಿ ಉಂಟು. ದೊಡ್ಡ ಮೊತ್ತವನ್ನು ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಹಣವನ್ನು ಹಿಂದಕ್ಕೆ ಪಡೆಯುವುದು. ದಕ್ಷಿಣ ಕೊರಿಯಾದಲ್ಲಿ ಹೆಚ್ಚುಕಡಿಮೆ ಇದೇ ಪದ್ಧತಿ ‘ಚೊನ್ಸೆ’ ಎಂಬ ಹೆಸರಿನಿಂದ ಬಹುಕಾಲದಿಂದ ನಡೆದಿದೆ. ಅಲ್ಲಿ ೨೦೨೦ರಲ್ಲಿ ಎರಡು ವರ್ಷದ ಕರಾರನ್ನು ಇನ್ನೆರಡು ವರ್ಷಕ್ಕೆ ಒಮ್ಮೆ ಮುಂದುವರಿಸುವ ಹಕ್ಕನ್ನು ಬಾಡಿಗೆದಾರರಿಗೆ ಕೊಟ್ಟರು. ಆದರೂ ೨೦೨೩ರಲ್ಲಿ ಸೋಲ್ ನಗರದ ಸರಾಸರಿ ೦.೫೫ಕ್ಕೆ ಕುಸಿದಿತ್ತು. ದುಡಿಮೆಯ ದೀರ್ಘ ವೇಳೆಯೂ ಮಕ್ಕಳ ಪಾಠದ ಖರ್ಚೂ ಅಲ್ಲಿ ಭಾರವಾಗಿವೆ, ಮನೆಯೊಂದನ್ನೇ ದೂರುವಂತಿಲ್ಲ. ಅವಧಿಯ ಮಿತಿಯೇ ಇಲ್ಲದ ಬಾಡಿಗೆ ಕರಾರು ಸಾಮಾನ್ಯವಾಗಿರುವ ಜರ್ಮನಿಯಲ್ಲಿಯೂ ೨೦೨೪ರ ಸರಾಸರಿ ೧.೩೫ ಮಾತ್ರ. ಭದ್ರವಾದ ಮನೆ ಕೊಟ್ಟರೆ ತೊಟ್ಟಿಲು ತುಂಬುವುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ತೊಟ್ಟಿಲು ಬೇಕೆಂದವರಿಗೆ ಮನೆಯೇ ಅಡ್ಡಿಯಾಗಬಾರದು ಎಂಬಷ್ಟೇ ನನ್ನ ವಾದ.

ಇನ್ನೊಂದು ಅಡ್ಡಿಯನ್ನು ಅಂಕಿಅಂಶಗಳು ತೋರಿಸುವುದಿಲ್ಲ. ಬಾಣಂತನಕ್ಕೆ ಒಂದು ಕೋಣೆ ಬೇಕು, ಎಣ್ಣೆನೀರಿಗೆ ಬಿಸಿನೀರು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ತಾಯಿಯೋ ಅತ್ತೆಯೋ ಬಂದು ತಿಂಗಳುಗಟ್ಟಲೆ ನಿಲ್ಲಬೇಕು. ಒಂದೇ ಮಲಗುವ ಕೋಣೆಯ ಮನೆಯಲ್ಲಿ ಅವರು ಎಲ್ಲಿ ಮಲಗುವರು? ಬಾಣಂತನ ಮುಗಿದ ಮೇಲೂ, ತಾಯಿ ಕೆಲಸಕ್ಕೆ ಹೊರಟಾಗ ಕೂಸನ್ನು ನೋಡುವವಳು ಅಜ್ಜಿಯೇ. ಅಜ್ಜಿಯ ಮನೆ ವಿಜಯನಗರದಲ್ಲಿ, ಮಗಳಿಗೆ ಕೈಗೆಟುಕಿದ ಮನೆ ಕೆಂಗೇರಿಯಿಂದಾಚೆ. ೨೦೨೧ರಲ್ಲಿ ಮೆಟ್ರೊ ಕೆಂಗೇರಿಗೆ ಮುಟ್ಟಿದ್ದರಿಂದ ಈ ದೂರ ಸ್ವಲ್ಪ ಸವೆದಿದೆ. ಆದರೂ ಬೆಳಗಿನ ಜನಸಂದಣಿಯಲ್ಲಿ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಹತ್ತುವುದೇನು ಸುಲಭವಲ್ಲ.

ಸರಕಾರವು ಮಾಡಬಹುದಾದುದರಲ್ಲಿ ಅತ್ಯಂತ ಅಗ್ಗವಾದುದು ಆ ಹನ್ನೆರಡನೆಯ ತಿಂಗಳನ್ನು ಹಿಂದಕ್ಕೆ ಕೊಡುವುದು. ಐದು ವರ್ಷದ ವಾಸದ ಕರಾರಿನ ನೋಂದಣಿಯನ್ನು ಶುಲ್ಕವಿಲ್ಲದೆ, ಒಂದೇ ಭೇಟಿಯಲ್ಲಿ ಮುಗಿಸಿಕೊಡಲಿ. ವರ್ಷಕ್ಕೆ ಎಷ್ಟು ಬಾಡಿಗೆ ಏರಬಹುದೆಂಬುದನ್ನು ಕರಾರಿನಲ್ಲಿಯೇ ಬರೆಯಿಸಲಿ. ಬಾಡಿಗೆದಾರ ಬಿಟ್ಟುಹೋಗಲಾರನೆಂಬ ಮಾಲೀಕರ ಭಯಕ್ಕೂ ಆಗ ಲಿಖಿತ ಉತ್ತರವಿರುತ್ತದೆ. ಇನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವಣ ನಾಡಪ್ರಭು ಕೆಂಪೇಗೌಡ ಬಡಾವಣೆಯಂಥ ಕಡೆ ಎಲ್ಲ ನೆಲವನ್ನೂ ನಿವೇಶನಗಳಾಗಿ ಮಾರಿಬಿಡದೆ, ಒಂದು ಪಾಲಿನಲ್ಲಿ ತಾನೇ ಎರಡು ಕೋಣೆಯ ಮನೆಗಳನ್ನು ಕಟ್ಟಿ, ಹೊಸ ಸಂಸಾರಗಳಿಗೆ ಹತ್ತು ವರ್ಷದ ಕರಾರಿನ ಮೇಲೆ ಬಾಡಿಗೆಗೆ ಕೊಡಬಹುದು. ಹತ್ತು ವರ್ಷವೆಂದರೆ ಮಗು ಹುಟ್ಟಿ ಪ್ರಾಥಮಿಕ ಶಾಲೆಯ ನಾಲ್ಕನೆಯ ತರಗತಿಯನ್ನು ಮುಟ್ಟುವಷ್ಟು ಕಾಲ.