ಲಿಂಟಲ್‌ಗೆ ನಿಂತ ಮನೆಗಳು, ಲೈಸೆನ್ಸ್ ಉಳಿಸಿಕೊಂಡ ಗುತ್ತಿಗೆದಾರರು

ಮನೆಗೆ ವೈರಿಂಗ್ ಮಾಡಿಸಬೇಕಾದರೆ ಕರ್ನಾಟಕದಲ್ಲಿ ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರನೇ ಬೇಕು. ಆ ವೈರನ್ನು ಹೊತ್ತು ನಿಲ್ಲುವ ಗೋಡೆ ಕಟ್ಟುವವನಿಗೆ, ಒಂದು ಸಂಸಾರದ ಜೀವಮಾನದ ದುಡಿಮೆಯನ್ನು ಮುಂಗಡವಾಗಿ ಎಣಿಸಿಕೊಳ್ಳುವವನಿಗೆ ಯಾವ ಲೈಸೆನ್ಸೂ ಬೇಡ. ಒಂದು ವಿಸಿಟಿಂಗ್ ಕಾರ್ಡು, ನಾಲ್ಕು ಮೇಸ್ತ್ರಿಗಳ ಫೋನ್ ನಂಬರು ಇದ್ದರೆ ಅವನು ಕಾಂಟ್ರಾಕ್ಟರ್.

ಲೈಸೆನ್ಸ್ ಇರುವವರೂ ಇದ್ದಾರೆ. ಲೋಕೋಪಯೋಗಿ ಇಲಾಖೆ ಗುತ್ತಿಗೆದಾರರನ್ನು ದರ್ಜೆವಾರು ನೋಂದಾಯಿಸುತ್ತದೆ. ಅದು ಸರ್ಕಾರಿ ಕಾಮಗಾರಿಗೆ ಟೆಂಡರ್ ಹಾಕಲು ಕೊಟ್ಟ ಅರ್ಹತೆ. ಆದರೆ ಬೋರ್ಡಿನ ಮೇಲೆ, ಕಾರಿನ ಗಾಜಿನ ಮೇಲೆ ‘ಕ್ಲಾಸ್ ಒನ್ ಕಾಂಟ್ರಾಕ್ಟರ್’ ಎಂದು ಬರೆಸಿಕೊಂಡು ಬಂದವನನ್ನು ಜನ ನಂಬುವುದು ಅವನ ಮುಖ ನೋಡಿ ಅಲ್ಲ, ಅದರ ಹಿಂದಿರುವ ಸರ್ಕಾರದ ಮುದ್ರೆ ನೋಡಿ. ನನ್ನ ಸಿಟ್ಟು ಆ ಮುದ್ರೆಯ ಮೇಲೆ. ನಂಬಿಸಲು ಅದು ಬರುತ್ತದೆ, ನಂಬಿ ಕೆಟ್ಟವರ ಜೊತೆ ನಿಲ್ಲಲು ಬರುವುದಿಲ್ಲ.

ತುಮಕೂರಿನ ಹೊರವಲಯದ ಒಂದು ಬಡಾವಣೆಯಲ್ಲಿ ಹಾಗೆ ನಂಬಿ ಕೆಟ್ಟವರದೊಂದು ಮನೆ ಇದೆ. 30×40ರ ಸೈಟು. ಮಾಲೀಕರು ನಿವೃತ್ತ ಬಸ್ ಚಾಲಕರು. ಗ್ರಾಚುಟಿ, ಪಿಎಫ್, ಮಗನ ಹೆಸರಲ್ಲಿ ಎತ್ತಿದ ಬ್ಯಾಂಕ್ ಸಾಲ, ಎಲ್ಲವನ್ನೂ ಆ ಸೈಟಿಗೆ ಸುರಿದಿದ್ದಾರೆ. ಗೋಡೆ ಲಿಂಟಲ್ ಮಟ್ಟಕ್ಕೆ ಬಂದು ನಿಂತಿದೆ. ಪಿಲ್ಲರ್‌ಗಳ ತಲೆಯಿಂದ ಹೊರಟ ಕಂಬಿಗಳಿಗೆ ತುಕ್ಕು ಹಿಡಿದಿದೆ. ಪ್ರತಿ ಮಳೆಗೂ ಕಂದು ನೀರು ಇಳಿದು ಇಟ್ಟಿಗೆಯ ಮೇಲೆಲ್ಲ ಗೆರೆ ಎಳೆದಿದೆ. ಅಡುಗೆಮನೆ ಆಗಬೇಕಿದ್ದ ಜಾಗದಲ್ಲಿ ಸಿಮೆಂಟ್ ಮೂಟೆಗಳು ನೆನೆದು ಕಲ್ಲಾಗಿ ಕೂತಿವೆ. ಮನೆಯಾಕೆ ಪಾತ್ರೆ ತೊಳೆದು ಆ ಕಲ್ಲಾದ ಮೂಟೆಗಳ ಮೇಲೆ ಬೋರಲು ಹಾಕುತ್ತಾರೆ. ಬಾಡಿಗೆ ಮತ್ತು ಸಾಲದ ಕಂತು ಎರಡನ್ನೂ ಕಟ್ಟಲಾಗದೆ, ಕೆಲಸದವರಿಗೆಂದು ಹಾಕಿದ್ದ ಶೀಟಿನ ಶೆಡ್ಡಿಗೇ ಇಬ್ಬರೂ ಬಂದು ಸೇರಿಕೊಂಡಿದ್ದಾರೆ.

ಮೋಲ್ಡ್ ಹಾಕುವ ಮೊದಲೇ ಮೋಲ್ಡಿನ ಕಂತು ಇಸಿದುಕೊಂಡ ಗುತ್ತಿಗೆದಾರ ಮೊದಮೊದಲು ‘ನಾಳೆ ಹುಡುಗರನ್ನ ಕಳಿಸ್ತೀನಿ ಅಣ್ಣ’ ಅಂದ. ಆಮೇಲೆ ‘ಎಂ-ಸ್ಯಾಂಡ್ ಸಿಗ್ತಿಲ್ಲ’ ಅಂದ. ಆಮೇಲೆ ‘ಕಂಬಿ ರೇಟ್ ಏರಿದೆ, ಚದರಕ್ಕೆ ಇನ್ನೊಂದಿಷ್ಟು ಸೇರಿಸಿ ಕೊಡಿ’ ಅಂದ. ಕೊಡಲು ಇವರ ಹತ್ತಿರ ಏನೂ ಉಳಿದಿಲ್ಲ ಎಂದು ಗೊತ್ತಾದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಠಾಣೆಗೆ ಹೋದರೆ, ‘ಇದು ಸಿವಿಲ್ ಮ್ಯಾಟ್ರು, ಕೋರ್ಟಿಗೆ ಹೋಗಿ ಯಜಮಾನ್ರೇ.’ ಅವನಿಗೆ ಲೈಸೆನ್ಸ್ ಕೊಟ್ಟ ಕಚೇರಿಗೆ ಹೋದರೆ, ‘ಅದು ಪ್ರೈವೇಟ್ ಕೆಲಸ, ನಮಗೆ ಸಂಬಂಧ ಇಲ್ಲ.’ ಅದೇ ಮನುಷ್ಯ ಅತ್ತ ಸರ್ಕಾರದ ಕಾಮಗಾರಿ ನಡೆಸುತ್ತಲೇ ಇದ್ದಾನೆ.

ಸಂಬಂಧ ಇಲ್ಲವಂತೆ! ಕಟ್ಟುವ ಮನೆಗೆ ನಕ್ಷೆ ಮಂಜೂರಾತಿ ಶುಲ್ಕ ವಸೂಲು ಮಾಡುವಾಗ ಸಂಬಂಧ ಇತ್ತು. ವೆಚ್ಚ ನಿಗದಿತ ಮಿತಿ ದಾಟಿದರೆ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಶೇ. 1ರಷ್ಟು ಸೆಸ್ ಕಟ್ಟಿಸಿಕೊಳ್ಳುವಾಗ ಸಂಬಂಧ ಇತ್ತು. ಸಿಮೆಂಟಿಗೂ ಕಂಬಿಗೂ ತೆರಿಗೆ ಎಣಿಸುವಾಗ ಇತ್ತು. ಕೆಲಸ ಅರ್ಧಕ್ಕೆ ಬಿಟ್ಟವನನ್ನು ಕರೆದು ‘ಏಕೆ ಬಿಟ್ಟೆ’ ಎಂದು ಕೇಳಬೇಕಾದ ಗಳಿಗೆಯಲ್ಲಿ ಮಾತ್ರ ಸರ್ಕಾರ ಕೈ ತೊಳೆದುಕೊಳ್ಳುತ್ತದೆ.

ಶಿಸ್ತು ಹೇರುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. ಬಸವ ವಸತಿ ಯೋಜನೆಯಲ್ಲೋ ಅಂಬೇಡ್ಕರ್ ನಿವಾಸ ಯೋಜನೆಯಲ್ಲೋ ಮನೆ ಮಂಜೂರಾದ ಕೂಲಿ ಹೆಂಗಸಿನ ಮೇಲೆ ಅದೇ ಸರ್ಕಾರದ ಕಣ್ಣು ಎಷ್ಟು ಹರಿತ ನೋಡಿ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ, ಹೀಗೆ ಹಂತ ಹಂತಕ್ಕೂ ಜಿಪಿಎಸ್ ಫೋಟೋ. ಫೋಟೋ ಅಪ್‌ಲೋಡ್ ಆಗದಿದ್ದರೆ ಕಂತು ಇಲ್ಲ. ಹೇಳಿದ ಅವಧಿಯೊಳಗೆ ಕೆಲಸ ಶುರುವಾಗದಿದ್ದರೆ ಮನೆ ‘ಬ್ಲಾಕ್’. ಆಮೇಲೆ ಆಕೆ ಕೂಲಿ ಬಿಟ್ಟು ಪಂಚಾಯಿತಿಗೂ ತಾಲ್ಲೂಕು ಕಚೇರಿಗೂ ಅಲೆಯಬೇಕು. ಆಕೆ ಮೋಸ ಮಾಡಿದವಳಲ್ಲ, ಮರಳಿಗೆ ದುಡ್ಡು ಸಾಲದೆ ನಿಂತವಳು. ಲಕ್ಷ ಚಿಲ್ಲರೆ ಸಹಾಯಧನಕ್ಕೆ ಇಷ್ಟು ಕಾವಲು ಹಾಕಬಲ್ಲವರು, ಹತ್ತಾರು ಲಕ್ಷ ನುಂಗಿದವನ ಒಂದು ಕಡತವನ್ನೂ ತೆರೆಯುವುದಿಲ್ಲ. ಯಾರ ಮೇಲೆ ಶಿಸ್ತು, ಯಾರಿಗೆ ಸಲುಗೆ ಎಂಬುದು ಇಲ್ಲೇ ಗೊತ್ತಾಗುತ್ತದೆ.

ಕಾನೂನು ಇದೆಯಲ್ಲ ಎನ್ನುವವರಿಗೆ ಹೇಳುತ್ತೇನೆ, ಇದೆ. ಮನೆ ಕಟ್ಟಿಕೊಡುವುದು ‘ಸೇವೆ’ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಅದು ಉಂಟು. ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, ವಕೀಲರೇ ಬೇಕೆಂದಿಲ್ಲ. ಆದೇಶ ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಎಂದೂ ಬರೆದಿದ್ದಾರೆ. ದೂರನ್ನು ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂಬ ಮಾತೂ ಅದೇ ಕಾಯ್ದೆಯಲ್ಲಿದೆ. ಆಯೋಗದ ಮೆಟ್ಟಿಲು ಹತ್ತಿದವರನ್ನು ಕೇಳಿ, ವರ್ಷಗಳ ಲೆಕ್ಕ ಹೇಳುತ್ತಾರೆ. ಇನ್ನು 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ, ಕಟ್ಟಿ ಮಾರುವ ಬಿಲ್ಡರ್‌ಗಳಿಗೆ. ನಿಮ್ಮದೇ ಸೈಟಿನಲ್ಲಿ ನಿಮಗೆಂದೇ ಮನೆ ಕಟ್ಟಲು ಒಪ್ಪಿ ಓಡಿಹೋದವನಿಗೆ ಅದು ತಾಗುವುದಿಲ್ಲ. ತಾಗುವ ಕಡೆಯಲ್ಲೂ ಕರ್ನಾಟಕ ರೇರಾ ಆದೇಶಿಸಿದ ನೂರಾರು ಕೋಟಿ ರೂಪಾಯಿ ಬಿಲ್ಡರ್‌ಗಳಿಂದ ವಸೂಲಾಗದೆ ಉಳಿದಿದೆ. ಆ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬೇಕಾದದ್ದು ಜಿಲ್ಲಾಡಳಿತ. ಬಡ ರೈತನ ಬಾಕಿಯಾಗಿದ್ದರೆ ಅವನ ಹೊಸ್ತಿಲಲ್ಲಿ ತಮಟೆ ಬಾರಿಸಿ ಜಪ್ತಿ ಮಾಡಿದ ಚರಿತ್ರೆ ಇರುವ ಇಲಾಖೆ ಅದು.

ಇವೆಲ್ಲವೂ ಕಳೆದುಕೊಂಡವನೇ ಓಡಾಡಿ ಗೆಲ್ಲಬೇಕಾದ ದಾರಿಗಳು. ಇವುಗಳಲ್ಲಿ ಯಾವುದೂ ಆ ಗುತ್ತಿಗೆದಾರ ನಾಳೆ ಬೆಳಗ್ಗೆ ಪಕ್ಕದ ಬೀದಿಯಲ್ಲಿ ಇನ್ನೊಂದು ಗುದ್ದಲಿ ಪೂಜೆಗೆ ನಿಲ್ಲುವುದನ್ನು ತಡೆಯುವುದಿಲ್ಲ. ನನ್ನ ತಕರಾರಿನ ತಿರುಳು ಇದು. ಪರಿಹಾರ ಬೇರೆ, ಶಿಸ್ತುಕ್ರಮ ಬೇರೆ.

ಶಿಸ್ತುಕ್ರಮಕ್ಕೆ ಒಂದು ಮಾದರಿ ನೋಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗುತ್ತಿಗೆದಾರರ ಲೈಸೆನ್ಸಿಗೆಂದೇ 1929ರಿಂದ ಒಂದು ಮಂಡಳಿ ಇದೆ. ಅಲ್ಲಿ ಮನೆ ರಿಪೇರಿ, ವಿಸ್ತರಣೆಯಂಥ ಕೆಲಸಕ್ಕೆ ಗುತ್ತಿಗೆ ಮೊತ್ತದ ಶೇ. 10 ಅಥವಾ 1,000 ಡಾಲರ್, ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಮುಗಿಸಿದ ಕೆಲಸಕ್ಕಿಂತ ಹೆಚ್ಚು ಹಣ ಎತ್ತುವಂತಿಲ್ಲ. ಸಕಾರಣವಿಲ್ಲದೆ ಕೆಲಸ ಕೈಬಿಟ್ಟರೆ ಅದೇ ಒಂದು ಅಪರಾಧವೆಂದು ಶಿಸ್ತುಕ್ರಮ, ಲೈಸೆನ್ಸ್ ಅಮಾನತು, ರದ್ದು. 2023ರಿಂದ ಪ್ರತಿಯೊಬ್ಬ ಗುತ್ತಿಗೆದಾರನೂ 25,000 ಡಾಲರ್‌ಗಳ ಬಾಂಡ್ ಇಟ್ಟಿರಬೇಕು. ಲೈಸೆನ್ಸ್ ನಂಬರು ಹಾಕಿ ಅವನ ಮೇಲಾದ ಕ್ರಮವನ್ನು ಯಾರು ಬೇಕಾದರೂ ನೋಡಬಹುದು. ಅಲ್ಲಿ ಮೋಸವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೋಸಹೋದವನಿಗೆ ಶಿಸ್ತುಕ್ರಮ ಕೇಳಿ ಹೋಗಿ ತಟ್ಟಲು ಒಂದು ಬಾಗಿಲಿದೆ, ಅಷ್ಟೇ. ನಮಗೆ ಅದೂ ಇಲ್ಲ.

ಗುತ್ತಿಗೆದಾರರ ಕಷ್ಟವೂ ನನಗೆ ಗೊತ್ತು. 2021ರಲ್ಲಿ ಅವರದೇ ರಾಜ್ಯ ಸಂಘ ಪ್ರಧಾನಿಗೆ ಪತ್ರ ಬರೆದು ಸರ್ಕಾರಿ ಕಾಮಗಾರಿಗಳಲ್ಲಿ ಶೇ. 40 ಕಮಿಷನ್ ಲಂಚದ ಆರೋಪ ಮಾಡಿತು. ಬಿಲ್ ಬಾಕಿ ಎಂದು ಅವರು ಕೂಗುವುದು ಇಂದಿಗೂ ನಿಂತಿಲ್ಲ. ಅತ್ತ ಸರ್ಕಾರದ ಕಾಮಗಾರಿಯಲ್ಲಿ ದುಡ್ಡು ಸಿಕ್ಕಿಬಿದ್ದಾಗ ಇತ್ತ ನಿವೃತ್ತ ಚಾಲಕನ ಮೋಲ್ಡಿನ ಹಣದಲ್ಲಿ ಆ ತೂತು ಮುಚ್ಚುವವರಿದ್ದಾರೆ. ಹಾಗಾದರೆ ಲಂಚಕೋರನ ಸಾಲವನ್ನು ತೀರಿಸುತ್ತಿರುವವರು ಶೆಡ್ಡಿನಲ್ಲಿ ಮಲಗಿರುವ ಈ ಗಂಡ ಹೆಂಡತಿ! ಇದನ್ನು ಕಷ್ಟ ಎಂದು ಒಪ್ಪಲು ನಾನು ಸಿದ್ಧನಿಲ್ಲ. ಇದು ಕಳ್ಳತನ.

ಕೆಲಸ ನಿಂತಾಗ ಬೀದಿಗೆ ಬೀಳುವ ಇನ್ನೊಂದು ಗುಂಪಿದೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದ ಗಾರೆ ಕೆಲಸದವರು, ಇಟ್ಟಿಗೆ ಹೊರುವ ಹೆಣ್ಣುಮಕ್ಕಳು. ಅವರ ಶನಿವಾರದ ಬಟವಾಡೆಯನ್ನೂ ನುಂಗಿಯೇ ಗುತ್ತಿಗೆದಾರ ಮಾಯವಾಗಿರುತ್ತಾನೆ. ಅವರು ಯಾವ ಆಯೋಗಕ್ಕೂ ಹೋಗುವುದಿಲ್ಲ, ಮುಂದಿನ ಸೈಟಿಗೆ ಹೋಗುತ್ತಾರೆ. ಲೈಸೆನ್ಸಿನ ಮಾತು ಬಂದ ಕೂಡಲೇ ‘ಸಣ್ಣ ಮೇಸ್ತ್ರಿಗಳು ಸತ್ತುಹೋಗುತ್ತಾರೆ’ ಎಂದು ದೊಡ್ಡವರು ಗೋಳಾಡುತ್ತಾರಲ್ಲ, ಅವರನ್ನು ನಂಬಬೇಡಿ. ಬಾಂಡನ್ನು ಕೆಲಸದ ಗಾತ್ರಕ್ಕೆ ತಕ್ಕಂತೆ ಇಡಬಹುದು. ಕೈಕೆಲಸದಿಂದ ಮೇಲೆ ಬಂದ ದಲಿತ, ಹಿಂದುಳಿದ ಮೇಸ್ತ್ರಿಗೆ ಶುಲ್ಕವಿಲ್ಲದೆ ನೋಂದಣಿ ಕೊಡಬಹುದು. ಕಾಗದದ ಭಯ ಹುಟ್ಟಬೇಕಾದದ್ದು ಮೋಸಗಾರನಿಗೆ. ಕೆಲಸ ಬಲ್ಲವನಿಗೆ ಆ ಕಾಗದ ಮರ್ಯಾದೆ ತರುತ್ತದೆ.

ಮನೆ ಕಟ್ಟುವ ಪ್ರತಿ ಗುತ್ತಿಗೆದಾರನಿಗೂ ರಾಜ್ಯದಲ್ಲಿ ನೋಂದಣಿ ಕಡ್ಡಾಯವಾಗಲಿ. ಮುಂಗಡಕ್ಕೆ ಮಿತಿ ಬರಲಿ, ಕಂತಿನ ಹಣ ಮುಗಿದ ಕೆಲಸದ ಹಂತವನ್ನು ದಾಟದಿರಲಿ. ಖಾಸಗಿ ಮನೆ ಅರ್ಧಕ್ಕೆ ಬಿಟ್ಟವನಿಗೆ ಸರ್ಕಾರಿ ಟೆಂಡರ್ ಮುಚ್ಚಲಿ, ಅವನ ಹೆಸರು ಎಲ್ಲರಿಗೂ ಕಾಣುವ ಪಟ್ಟಿಯಲ್ಲಿ ಬರಲಿ, ಅವನ ಬಾಂಡಿನಿಂದ ಮೊದಲು ಕೂಲಿಯವರ ಬಾಕಿ ತೀರಲಿ, ನಂತರ ಮನೆ ಎದ್ದು ನಿಲ್ಲಲಿ. ಇದಕ್ಕೆ ವಿಧಾನಸೌಧದಲ್ಲಿ ಒಂದು ಮಸೂದೆ ಸಾಕು.

ಅರ್ಧಕ್ಕೆ ನಿಂತ ಮನೆಯವರೇ, ನಿಮ್ಮ ಹಣೆಬರಹವೆಂದು ಸುಮ್ಮನೆ ಕೂರಬೇಡಿ. ಕರಾರು ಪತ್ರ, ಹಣ ಕೊಟ್ಟ ದಾಖಲೆ, ಗೋಡೆಯ ಫೋಟೋ ಇಟ್ಟುಕೊಂಡು ಎರಡು ವರ್ಷದ ಕಾಲಮಿತಿ ಮೀರುವ ಮೊದಲು ಗ್ರಾಹಕರ ಆಯೋಗಕ್ಕೆ ದೂರು ಹಾಕಿ. ಅದರ ಒಂದು ಪ್ರತಿಯನ್ನು ನಿಮ್ಮ ಶಾಸಕರ ಕೈಗೇ ಕೊಟ್ಟು, ಮಸೂದೆ ಯಾವಾಗ ಎಂದು ಬರವಣಿಗೆಯಲ್ಲಿ ಉತ್ತರ ಕೇಳಿ. ಒಬ್ಬೊಬ್ಬರೇ ಹೋಗಬೇಡಿ. ಬೀದಿಯ ಎಲ್ಲ ಅರ್ಧ ಮನೆಗಳವರೂ ಒಟ್ಟಿಗೆ ಹೋಗಿ.