ಗೈರುಹಾಜರಿ ಯಾರದು?

ನನ್ನ ಬಿ.ಎ. ಎರಡನೇ ವರ್ಷದ ಅಂಕಪಟ್ಟಿಯ ಜೆರಾಕ್ಸ್ ಪ್ರತಿಯೊಂದು ಇವತ್ತಿಗೂ ನನ್ನ ಟ್ರಂಕಿನಲ್ಲಿದೆ. ಐಚ್ಛಿಕ ಕನ್ನಡದ ಎದುರು ಅಂಕ ಇರಬೇಕಾದ ಜಾಗದಲ್ಲಿ ನಾನು ಗೈರುಹಾಜರಿ ಎಂದು ನಮೂದಾಗಿದೆ. ಆ ದಿನ ನಾನು ಮೂರು ಗಂಟೆ ಕೂತು ಬರೆದಿದ್ದೆ. ಹೆಚ್ಚುವರಿ ಹಾಳೆಯನ್ನು ಎರಡು ಸಲ ಕೇಳಿ ಪಡೆದಿದ್ದೆ. ಕೊಠಡಿಯಲ್ಲಿದ್ದ ಮೇಷ್ಟ್ರು, "ಏನಮ್ಮಾ, ಕಾದಂಬರಿ ಬರೀತಿದ್ದೀಯಾ?" ಎಂದು ನಕ್ಕಿದ್ದರು. ಅಷ್ಟೆಲ್ಲ ಆದ ಮೇಲೂ ನಾನು ಬಂದೇ ಇರಲಿಲ್ಲವೆಂದು ವಿಶ್ವವಿದ್ಯಾಲಯ ತೀರ್ಮಾನಿಸಿತ್ತು.

ಅದನ್ನು ಸರಿಪಡಿಸಲು ಅಬ್ಬಾ ಮೂರು ಸಲ ಅಂಗಡಿಗೆ ಬಾಗಿಲು ಹಾಕಿ ನನ್ನ ಜೊತೆ ಬಂದರು. ಮೊದಲ ಸಲ ಸಂಬಂಧಪಟ್ಟವರು ರಜೆಯಲ್ಲಿದ್ದರು. ಎರಡನೆಯ ಸಲ ಚಲನ್ ಕಟ್ಟಿ ಬರಲು ಹೇಳಿದರು. ಮೂರನೆಯ ಸಲ ಉತ್ತರಪತ್ರಿಕೆ ಸಿಕ್ಕಿತು, ಬೇರೊಂದು ಕಟ್ಟಿನಲ್ಲಿ ಸೇರಿಕೊಂಡಿತ್ತಂತೆ. ತಪ್ಪು ಅವರದು, ಚಲನ್ ಹಣ ನಮ್ಮದು. ಉರ್ದುವಿನಲ್ಲಿ ಪರೀಕ್ಷೆಗೆ ಇಮ್ತಿಹಾನ್ ಎನ್ನುತ್ತೇವೆ. ಮನುಷ್ಯನ ತಾಳ್ಮೆಗೆ ಬರುವ ಪರೀಕ್ಷೆಗೂ ಅದೇ ಮಾತು. ಪ್ರಾಥಮಿಕ ಶಾಲೆಯಲ್ಲೇ ಈ ಪದ ಕಲಿತಿದ್ದ ನನಗೆ ಅದರ ಎರಡೂ ಅರ್ಥ ಒಟ್ಟಿಗೆ ತಿಳಿದದ್ದು ಆ ವರ್ಷ.

ಇದು ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಈಗ ಎಲ್ಲವೂ ಕಂಪ್ಯೂಟರಿನಲ್ಲಿದೆ, ಹಾಗೆಲ್ಲ ಆಗುವುದಿಲ್ಲ ಎಂದು ನಾನೂ ನಂಬಿದ್ದೆ. ನಮ್ಮ ಕಡೆ ಕತೆ ಬರೆಯುವವರೆಂದರೆ ಅರ್ಜಿ ಬರೆದುಕೊಡುವವರು ಎಂದೇ ಲೆಕ್ಕ. ಹಾಗಾಗಿ ಹಾಸನದಿಂದ, ಹೊಳೆನರಸೀಪುರದಿಂದ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಡಿಗ್ರಿ ಓದುವ ಮಕ್ಕಳು ಆಗಾಗ ನನ್ನ ಬಳಿ ಬರುತ್ತಾರೆ. ಮೊನ್ನೆ ಬಂದವಳು ಕೂಲಿ ಮಾಡುವವರೊಬ್ಬರ ಮಗಳು, ಅವರ ಮನೆತನದಲ್ಲಿ ಡಿಗ್ರಿ ಮುಟ್ಟಿದ ಮೊದಲ ಹೆಣ್ಣು. ಆರನೇ ಸೆಮಿಸ್ಟರ್ ಪಾಸಾಗಿದೆ. ಐದನೆಯದರ ಒಂದು ಪತ್ರಿಕೆಯ ಎದುರಿಗೆ ಮಾತ್ರ ಏನೂ ಇಲ್ಲ. ಕಾಲೇಜಿನಲ್ಲಿ ಕೇಳಿದರೆ ವಿಶ್ವವಿದ್ಯಾಲಯ ಎನ್ನುತ್ತಾರೆ. ಅಲ್ಲಿ ಕೇಳಿದರೆ ಬೆಂಗಳೂರಿನ ಸರ್ವರ್ ಎನ್ನುತ್ತಾರೆ. ಬಿ.ಎಡ್.ಗೆ ಅರ್ಜಿ ಹಾಕುವ ದಿನ ಮುಗಿದುಹೋಯಿತು. "ಖಾಲಾ, ನಾನು ಪರೀಕ್ಷೆ ಬರೆದಿದ್ದೆ ಅಂತ ನಾನೇ ಸಾಕ್ಷಿ ತರಬೇಕಾ?" ಎಂದು ಕೇಳಿದಳು. ಯಾವ ಕಾಲೇಜು, ಯಾವ ವಿಶ್ವವಿದ್ಯಾಲಯ ಎಂದು ನಾನಿಲ್ಲಿ ಹೇಳುವುದಿಲ್ಲ. ಹೇಳಿದರೆ ಆ ಖಾಲಿ ಜಾಗ ಇನ್ನೂ ಒಂದು ವರ್ಷ ಖಾಲಿಯಾಗಿಯೇ ಉಳಿದೀತು ಎಂಬ ಭಯ ಅವಳಿಗಿದೆ. ಆ ಭಯದ ಬಗ್ಗೆಯೂ ಓದುಗರು ಸ್ವಲ್ಪ ಯೋಚಿಸಬೇಕು.

ಅವಳ ಅರ್ಜಿ ಬರೆಯುವ ನೆಪದಲ್ಲಿ ಪರೀಕ್ಷಾ ನಿಯಮಾವಳಿಗಳನ್ನು ತರಿಸಿ ಓದಿದೆ. ಅವುಗಳ ಕನ್ನಡ ಬಹಳ ಸ್ವಾರಸ್ಯವಾಗಿದೆ. ವಿದ್ಯಾರ್ಥಿಯ ಮಾತು ಬಂದಾಗಲೆಲ್ಲ ವಾಕ್ಯ 'ತಕ್ಕದ್ದು' ಎಂದು ಮುಗಿಯುತ್ತದೆ. ಶೇಕಡಾ 75 ಹಾಜರಾತಿ ಹೊಂದಿರತಕ್ಕದ್ದು. ನಿಗದಿತ ದಿನದೊಳಗೆ ಶುಲ್ಕ ಪಾವತಿಸತಕ್ಕದ್ದು, ತಪ್ಪಿದಲ್ಲಿ ದಂಡ ತೆರತಕ್ಕದ್ದು. ಫಲಿತಾಂಶ ಬಂದ ಇಂತಿಷ್ಟು ದಿನದೊಳಗೆ ಮರುಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ವಿಶ್ವವಿದ್ಯಾಲಯದ ಸರದಿ ಬಂದ ಕೂಡಲೇ ಅದೇ ವಾಕ್ಯ 'ಬಹುದು' ಆಗಿಬಿಡುತ್ತದೆ. ದಿನಾಂಕ ಬದಲಿಸಬಹುದು, ಫಲಿತಾಂಶ ತಡೆಹಿಡಿಯಬಹುದು. ಹುಡುಕುತ್ತಾ ಹೋದೆ. ಫಲಿತಾಂಶ ತಡವಾದರೆ ಯಾರು ದಂಡ ತೆರತಕ್ಕದ್ದು ಎಂಬ ವಾಕ್ಯ ನನ್ನ ಕಣ್ಣಿಗಂತೂ ಬೀಳಲಿಲ್ಲ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎಂಬ ಗಾದೆಯನ್ನು ನಮ್ಮ ಹೆಂಗಸರು ಸುಮ್ಮನೆ ಕಟ್ಟಲಿಲ್ಲ.

ಗಡುವೇ ಇಲ್ಲವೆಂದಲ್ಲ. ವಿದ್ಯಾರ್ಥಿ ಪದವಿಗೆ ಅರ್ಹನಾದ 180 ದಿನಗಳೊಳಗೆ ಪದವಿ ಪ್ರದಾನವಾಗಬೇಕೆಂದು ಯುಜಿಸಿಯ 2008ರ ನಿಯಮ ಹೇಳುತ್ತದೆ. ಆರು ತಿಂಗಳು ಎಂದರೆ ಕಡಿಮೆ ಕಾಲವೇನಲ್ಲ. ಅದನ್ನು ಮೀರಿದ್ದಕ್ಕೆ ಯಾರಾದರೂ ಕುಲಸಚಿವರ ಸಂಬಳದಲ್ಲಿ ಒಂದು ರೂಪಾಯಿ ಕಡಿತವಾದ ಸುದ್ದಿಯನ್ನು ನೀವು ಓದಿದ್ದರೆ ದಯವಿಟ್ಟು ನನಗೂ ತಿಳಿಸಿ.

ಹಾಜರಾತಿಯ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದು ಬಹುಪಾಲು ಅತಿಥಿ ಉಪನ್ಯಾಸಕರ ಬೆನ್ನ ಮೇಲೆ. ವರ್ಷಾನುಗಟ್ಟಲೆ ದುಡಿದರೂ ಅತಿಥಿಯಾಗಿಯೇ ಉಳಿದ ಈ ಜನ 2021ರ ಡಿಸೆಂಬರಿನಲ್ಲಿ ಮುಷ್ಕರಕ್ಕಿಳಿದರು, 2023ರ ನವೆಂಬರಿನಲ್ಲಿ ಮತ್ತೆ ಇಳಿದರು. ಎರಡು ಸಲವೂ ವಾರಗಟ್ಟಲೆ ಪಾಠವಿಲ್ಲ. ಅವರ ಬೇಡಿಕೆ ನ್ಯಾಯವಾದದ್ದು, ನನಗೆ ಅವರ ಮೇಲೆ ಸಿಟ್ಟಿಲ್ಲ. ಆದರೆ ಪಾಠ ಮಾಡುವವರಿಲ್ಲದೆ ಬೆಂಚು ಕಾದ ಆ ದಿನಗಳಲ್ಲಿ ಗೈರಾದವರು ಯಾರು? ಸರ್ಕಾರದ ಹಾಜರಾತಿ ಶೇಕಡಾ ಎಷ್ಟು? ಹುಡುಗಿ ಶೇಕಡಾ 74ಕ್ಕೆ ನಿಂತರೆ ಸೆಮಿಸ್ಟರ್ ಹೋಗುತ್ತದೆ. ಸರ್ಕಾರ ಎಷ್ಟಕ್ಕೆ ನಿಂತರೂ ಏನೂ ಹೋಗುವುದಿಲ್ಲ.

ದೊಡ್ಡಮಗ್ಗೆಯಿಂದ ಅರಕಲಗೂಡಿಗೆ, ಹಳ್ಳಿಮೈಸೂರಿನಿಂದ ಹೊಳೆನರಸೀಪುರಕ್ಕೆ, ನುಗ್ಗೇಹಳ್ಳಿಯಿಂದ ಚನ್ನರಾಯಪಟ್ಟಣಕ್ಕೆ ಬೆಳಿಗ್ಗೆ ಬರುವ ಬಸ್ಸಿನಲ್ಲಿ ಒಮ್ಮೆ ಪ್ರಯಾಣ ಮಾಡಿ ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಪಾಸಿನ ದುಡ್ಡು ಉಳಿಯಿತು. ಅದು ಸಣ್ಣ ಉಪಕಾರವಲ್ಲ. ಆದರೆ ಬಸ್ಸು ತುಂಬಿ ಬಂದಾಗ ಡ್ರೈವರು ನಿಲ್ಲಿಸುವುದೇ ಇಲ್ಲ. ರಸ್ತೆಬದಿಯಲ್ಲಿ ಕೈಯೊಡ್ಡಿ ನಿಂತವಳ ಮೊದಲ ಪಿರಿಯಡ್ ಹೋಯಿತು. ತಿಂಗಳಿಗೆ ಎಂಟು ಹತ್ತು ಸಲ ಹೀಗಾದರೆ 75 ಎಲ್ಲಿಂದ ಬರಬೇಕು?

ಇನ್ನೊಂದು ಗೈರುಹಾಜರಿಯ ಬಗ್ಗೆಯೂ ಹೇಳದೆ ಮುಂದೆ ಹೋಗಲಾರೆ. 2022ರ ಫೆಬ್ರವರಿ 5ರಂದು ಸಮವಸ್ತ್ರದ ಸರ್ಕಾರಿ ಆದೇಶ ಬಂತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು. ತಲೆವಸ್ತ್ರ ಬೇಕೋ ಬೇಡವೋ ಎಂಬ ಜಗಳವನ್ನು ಇಲ್ಲಿ ತೆಗೆಯುವುದಿಲ್ಲ, ಅದಕ್ಕೆ ಬೇರೆ ಪುಟಗಳಿವೆ. ನಾನು ನೋಡುತ್ತಿರುವುದು ಹಾಜರಿ ಪುಸ್ತಕವನ್ನು ಮಾತ್ರ. ಪುಸ್ತಕ ಎದೆಗವಚಿಕೊಂಡು ಗೇಟಿನ ಹೊರಗೆ ನಿಂತವಳನ್ನೂ ಮನೆಯಲ್ಲಿ ಮಲಗಿದ್ದವಳನ್ನೂ ಅದು ಒಂದೇ ಗುರುತಿನಲ್ಲಿ ಬರೆಯಿತು. ನ್ಯಾಯಮೂರ್ತಿಗಳೇ ಒಮ್ಮತಕ್ಕೆ ಬರಲಾಗದ ಪ್ರಶ್ನೆಗೆ ಹಾಜರಿ ಪುಸ್ತಕ ಒಂದೇ ಅಕ್ಷರದಲ್ಲಿ ಉತ್ತರ ಕೊಟ್ಟಿತು. ಸಾಚಾರ್ ಸಮಿತಿಯ 2006ರ ವರದಿಯ ಪ್ರಕಾರ ಇಪ್ಪತ್ತು ದಾಟಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಮುಗಿಸಿದವರು ಶೇಕಡಾ ನಾಲ್ಕಕ್ಕಿಂತ ಕಡಿಮೆ ಇದ್ದರು. ಅಂಥ ಸಮುದಾಯದ ಮನೆಯಲ್ಲಿ ಒಂದು ಸೆಮಿಸ್ಟರ್ ಹೋಯಿತೆಂದರೆ ಸಾಮಾನ್ಯವಾಗಿ ಮುಂದಿನ ಸೆಮಿಸ್ಟರ್ ಬರುವುದಿಲ್ಲ, ಮದುವೆ ಬರುತ್ತದೆ.

ಹಾಗಾದರೆ ಹಾಜರಾತಿ ನಿಯಮವನ್ನೇ ಕಿತ್ತುಹಾಕೋಣವೇ? ನಾನು ಹಾಗೆನ್ನುವುದಿಲ್ಲ. ನನ್ನ ಕಾಲದಲ್ಲಿ ಆ 75 ನನ್ನನ್ನು ಕಾಪಾಡಿದೆ. ನಿಕಾಹ್ ಎಂದರೆ ಮೂರು ದಿನ, ಬಾಣಂತನ ಎಂದರೆ ತಿಂಗಳು, ಮನೆಗೆ ನೆಂಟರು ಬಂದರೆ ವಾರ. ಎಲ್ಲದಕ್ಕೂ ಮೊದಲು ರಜೆ ಹಾಕಬೇಕಾದವಳು ಓದುವ ಹುಡುಗಿಯೇ. "ಶಾರ್ಟೇಜ್ ಆಗುತ್ತೆ ಅಬ್ಬಾ, ಪರೀಕ್ಷೆಗೆ ಕೂರಿಸಲ್ಲ" ಎಂಬ ಒಂದು ಮಾತಿನಿಂದ ಎಷ್ಟೋ ಹುಡುಗಿಯರು ಒಲೆಯ ಮುಂದಿನಿಂದ ತಪ್ಪಿಸಿಕೊಂಡು ತರಗತಿಯಲ್ಲಿ ಕೂತಿದ್ದಾರೆ. ಅಮ್ಮ ಹೇಳಿದರೆ ಕೇಳದ ಅಪ್ಪಂದಿರು ವಿಶ್ವವಿದ್ಯಾಲಯ ಹೇಳಿದರೆ ಕೇಳುತ್ತಾರೆ. ಆದ್ದರಿಂದ ನನ್ನ ತಕರಾರು ನಿಯಮ ಬಿಗಿಯಾಗಿದೆ ಎಂಬುದಲ್ಲ, ಒಂದೇ ಕಡೆ ಬಿಗಿಯಾಗಿದೆ ಎಂಬುದು.

ಇದರ ಮೇಲೆ ನಿಯಮಗಳೇ ಬದಲಾಗುವ ವೇಗ ನೋಡಿ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು. ನಾಲ್ಕು ವರ್ಷದ ಆನರ್ಸ್, ಕಾಲೇಜಿನ ಕೈಯಲ್ಲಿ 40 ಅಂಕ, ಕೊನೆಯ ಪರೀಕ್ಷೆಗೆ 60. ಅದರ ಜೊತೆಗೇ ಪ್ರವೇಶದಿಂದ ಫಲಿತಾಂಶದವರೆಗೆ ಎಲ್ಲವೂ ಒಂದೇ ಕಡೆ ಎಂದು ಯುಯುಸಿಎಂಎಸ್ ತಂತ್ರಾಂಶ ಬಂತು. ಫಲಿತಾಂಶವಿಲ್ಲ, ಅಂಕಪಟ್ಟಿಯಿಲ್ಲ ಎಂದು ರಾಜ್ಯದ ಹಲವೆಡೆ ವಿದ್ಯಾರ್ಥಿಗಳು ಬೀದಿಗಿಳಿದರು. 2024ರ ಮೇನಲ್ಲಿ ಸರ್ಕಾರ ನಾಲ್ಕು ವರ್ಷದ ಪದವಿ ಕೈಬಿಟ್ಟು ಮೂರು ವರ್ಷದ್ದಕ್ಕೆ ಮರಳಿತು. ಈ ನಡುವೆ, 1916ರಿಂದ ಇರುವ ಮೈಸೂರು ವಿಶ್ವವಿದ್ಯಾಲಯದ ಕೈಕೆಳಗಿದ್ದ ನಮ್ಮ ಜಿಲ್ಲೆಗೆ ಅದರದೇ ಹೇಮಗಂಗೋತ್ರಿಯಲ್ಲಿ ಹಾಸನ ವಿಶ್ವವಿದ್ಯಾಲಯ ಎಂಬ ಹೊಸ ಫಲಕ ಬಂತು. ಅದು 2023ರಲ್ಲಿ ಆರಂಭವಾಯಿತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹಾಸನವೂ ಸೇರಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕೆಂದಿತು. ಮಗುವಿಗೆ ಎರಡು ವರ್ಷ ತುಂಬುವುದರೊಳಗೆ ಅದರ ತಿಥಿಯ ಮಾತು! ನೀತಿ ಬೇಕೆನ್ನುವವರೂ ಬೇಡವೆನ್ನುವವರೂ ಈ ವರ್ಷಗಳಲ್ಲಿ ಸಾಕಷ್ಟು ಮಾತಾಡಿದರು. ಹಳೆಯ ಪಠ್ಯದಲ್ಲಿ ಒಂದು ಪತ್ರಿಕೆ ಬಾಕಿ ಉಳಿಸಿಕೊಂಡು ಕೂತ ಹುಡುಗನ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ಹೆಸರಿನ ಗೋಳು ಇನ್ನೊಂದು. ಅಂಕಪಟ್ಟಿ ಈಗ ಡಿಜಿಲಾಕರಿನಲ್ಲಿ, ಡಿಜಿಲಾಕರ್ ಆಧಾರಿನಲ್ಲಿ. ಹತ್ತನೇ ತರಗತಿಯಲ್ಲಿ 'ಬಾನು' ಆದವಳು ಆಧಾರಿನಲ್ಲಿ 'ಬೇಗಂ' ಆಗಿರುತ್ತಾಳೆ. ಒಂದು ಕಡೆ 'ಮೊಹಮ್ಮದ್' ಪೂರ್ತಿ ಇದ್ದರೆ ಇನ್ನೊಂದು ಕಡೆ ಎರಡೇ ಅಕ್ಷರಕ್ಕೆ ಮುದುಡಿರುತ್ತಾನೆ. ನಮ್ಮ ಮಕ್ಕಳದಷ್ಟೇ ಅಲ್ಲ, ಇನಿಷಿಯಲ್ ಹಿಂದೆ ಮುಂದೆ ಆದ ಗೌಡರ ಮಗನಿಗೂ ಇದೇ ಪಾಡು. ಬರೆದುಕೊಂಡ ಗುಮಾಸ್ತನ ಕೈತಪ್ಪಿಗೆ ಅಫಿಡವಿಟ್ಟಿನ ಖರ್ಚು ಮಾತ್ರ ವಿದ್ಯಾರ್ಥಿಯ ಲೆಕ್ಕಕ್ಕೆ.

ಹೀಗೆಲ್ಲ ಮೃದುವಾಗಿ ನಡೆದುಕೊಂಡರೆ ಪದವಿಯ ಬೆಲೆ ಇಳಿಯುತ್ತದೆ ಎಂದು ಅಧ್ಯಾಪಕ ಮಿತ್ರರೊಬ್ಬರು ನನ್ನ ಜೊತೆ ವಾದಿಸಿದರು. ಅವರಿಗೆ ಹಳೆಯ ಕತೆಯೊಂದನ್ನು ನೆನಪಿಸಿದೆ. ಕಲ್ಕತ್ತಾ ವಿಶ್ವವಿದ್ಯಾಲಯ 1857ರಲ್ಲಿ ಹುಟ್ಟಿತು. ಮರುವರ್ಷದ ಅದರ ಮೊದಲ ಬಿ.ಎ. ಪರೀಕ್ಷೆಯಲ್ಲಿ ದಾಟಿದವರು ಇಬ್ಬರೇ. ಆ ಇಬ್ಬರೂ ಒಂದು ವಿಷಯದಲ್ಲಿ ಕೆಲವು ಅಂಕ ಕಡಿಮೆ ಬಿದ್ದು ಕೃಪಾಂಕದಿಂದ ಪಾಸಾದವರು. ಒಬ್ಬರ ಹೆಸರು ಬಂಕಿಮಚಂದ್ರ ಚಟ್ಟೋಪಾಧ್ಯಾಯ. ಆ ಕೃಪೆಯಿಂದ ಪದವಿಯ ಬೆಲೆ ಇಳಿಯಿತೇ ಎಂದು ಕೇಳಿದೆ, ಮಿತ್ರರು ನಕ್ಕು ಸುಮ್ಮನಾದರು. ಅಷ್ಟಕ್ಕೂ ನಾನು ಕೃಪಾಂಕ ಕೇಳುತ್ತಿಲ್ಲ. ಈ ಹುಡುಗಿಗೆ ಕೃಪೆ ಬೇಕಿಲ್ಲ, ಅವಳು ಬರೆದದ್ದರ ಲೆಕ್ಕ ಬೇಕು.

ಲೆಕ್ಕ ಕೊಡಿಸುವ ಕಾನೂನು ನಮ್ಮಲ್ಲಿ ಇಲ್ಲದಿಲ್ಲ. ಜಾತಿ ಪ್ರಮಾಣಪತ್ರ ತಡವಾದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು 2011ರ ಸಕಾಲ ಕಾಯ್ದೆ ಮಾಡಿದವರು ನಾವೇ. ಸೆಮಿಸ್ಟರ್ ಫಲಿತಾಂಶಕ್ಕೂ ಅಂಥದೇ ಗಡುವು, ಅಂಥದೇ ದಂಡ ಬರಲಿ. ಮೌಲ್ಯಮಾಪನ ತಪ್ಪಾಗಿತ್ತೆಂದು ಸಾಬೀತಾದ ದಿನವೇ ಕಟ್ಟಿಸಿಕೊಂಡ ಶುಲ್ಕ ವಾಪಸ್ಸಾಗಲಿ. ಉಪನ್ಯಾಸಕರಿಲ್ಲದ ದಿನಗಳನ್ನು ಹಾಜರಾತಿಯ ಲೆಕ್ಕದಿಂದ ಹೊರಗಿಟ್ಟಿದ್ದೇವೆಂದು ಪ್ರತಿ ಕಾಲೇಜೂ ಬರೆದು ಗೋಡೆಗೆ ಅಂಟಿಸಲಿ. ಫಲಿತಾಂಶ ಬಾರದೆ ಬಿ.ಎಡ್. ತಪ್ಪಿದವರಿಗೆ ಮರುವರ್ಷ ಸೀಟು ಕಾಯ್ದಿಡಲಿ. ಇದರಲ್ಲಿ ಹಣ ಹೆಚ್ಚು ಖರ್ಚಾಗುವಂಥದ್ದು ಯಾವುದೂ ಇಲ್ಲ.

ಅದಾಗುವವರೆಗೆ ಒಂದು ದಾರಿ ಇದೆ. ಉತ್ತರಪತ್ರಿಕೆಯೂ ಮಾಹಿತಿಯೇ, ಬರೆದವರಿಗೆ ಅದನ್ನು ನೋಡುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಪ್ರಕರಣವೊಂದರಲ್ಲಿ ಹೇಳಿದೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿ ದಂಡ ಹಾಕಬಹುದು, ಅದು 25,000ದವರೆಗೆ ಬೆಳೆಯಬಹುದು. ಇಷ್ಟು ಹೇಳಿದ್ದಕ್ಕೆ ಆ ಹುಡುಗಿಯ ಮುಖ ಮೊದಲ ಸಲ ಸ್ವಲ್ಪ ಸಡಿಲಾಯಿತು. "ಗಡುವು ಅವರಿಗಾ ಖಾಲಾ?" ಎಂದಳು. ಹೌದು, ಅವರಿಗೇ ಎಂದೆ.

ಅಂಚೆ ಕಚೇರಿಯಿಂದ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಂದಾಗಿದೆ. ಅರ್ಜಿ ನಾನು ಬರೆದುಕೊಡಲಿಲ್ಲ, ನಮ್ಮ ಹಜಾರದಲ್ಲಿ ಕೂತು ಅವಳೇ ಬರೆಯುತ್ತಿದ್ದಾಳೆ. ಈಗಷ್ಟೇ ಒಳಗೆ ಬಂದು ಇನ್ನೊಂದು ಹಾಳೆ ಕೇಳಿದಳು.